ಮೂರನೆಯ ಮರಿಗೆಡ್ಡೆ

ಭಾನುವಾರ ಬೆಳಿಗ್ಗೆ ಚಹಾ ಕುಡಿದ ಲೋಟ ಕೆಳಗಿಟ್ಟು ಕಂಪೌಂಡರಮ್ಮ ತಾರಸಿ ಹತ್ತಿದರು. ಗಾಜಿನ ಕೋಣೆಯ ಮೂಲೆಯಲ್ಲಿದ್ದ ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ತೊಗಟೆ ಚೂರುಗಳ ನಡುವೆ ತೋರುಬೆರಳು ಇಳಿಸಿ, ದೊಡ್ಡ ಗೆಡ್ಡೆಯ ಸುತ್ತ ಒಂದು ಸುತ್ತು ತಡವಿದರು. ಒಂದು. ಎರಡು. ಬೆರಳು ನಿಂತಿತು. ಹಿಂದಕ್ಕೆ ಬಂದು ಎಡದಿಂದ ತಡವಿದರು. ಎರಡೇ. ಹೋದ ಭಾನುವಾರ ಇದ್ದ ಮೂರನೆಯ ಮರಿಗೆಡ್ಡೆ ಈ ಭಾನುವಾರ ಇರಲಿಲ್ಲ.

ಮೂವತ್ತೆರಡು ವರ್ಷ ಆಸ್ಪತ್ರೆಯ ಔಷಧಿ ಕೊಠಡಿಯಲ್ಲಿ ಮಾತ್ರೆ ಎಣಿಸಿದ ಬೆರಳು ಅದು. ಐದೈದಾಗಿ ಸರಿಸಿ, ಪೊಟ್ಟಣ ಕಟ್ಟಿ, ಕಿಟಕಿಯಿಂದ ನೂಕಿದ್ದರಲ್ಲಿ ಒಂದು ಹೆಚ್ಚಿತ್ತು ಒಂದು ಕಮ್ಮಿಯಿತ್ತು ಎಂದು ತಿರುಗಿ ಬಂದವರು ಯಾರೂ ಇಲ್ಲ. ಕೆಲಸ ಬಿಟ್ಟ ಮೇಲೂ ಬೀದಿಯವರು ಕಂಪೌಂಡರಮ್ಮ ಎಂದೇ ಕರೆಯುತ್ತಿದ್ದರು. ಹಾಗಾಗಿ ಎಣಿಕೆ ತಪ್ಪಿರಬಹುದು ಎಂಬ ಯೋಚನೆ ಅವರ ತಲೆಯ ಹೊಸಿಲನ್ನೂ ದಾಟಲಿಲ್ಲ. ಬೆರಳು ತಪ್ಪಿಲ್ಲವೆಂದರೆ ಯಾರದೋ ಕೈ ಆಡಿದೆ.

ಗಾಜಿನ ಕೋಣೆಯಲ್ಲಿ ನಲವತ್ತಮೂರು ಕುಂಡಗಳಿದ್ದವು. ಎಲ್ಲವೂ ಅಮರಿಲ್ಲಿಸ್, ಗೆಡ್ಡೆಯಿಂದ ಏಳುವ ಹೂಗಿಡ. ಅಂಗಡಿಯಲ್ಲಿ ಸಿಗುವ, ತಟ್ಟೆಯಗಲ ಹೂ ಬಿಡುವ ಮಿಶ್ರತಳಿಯಲ್ಲ. ಕಾಡಿನಲ್ಲಿ ಹುಟ್ಟಿದ ಹಾಗೆಯೇ ಉಳಿದ ಮೂಲಜಾತಿಗಳು, ಒಂದೊಂದೂ ಬೀಜದಿಂದ ಎಬ್ಬಿಸಿದ್ದು. ಸುಟ್ಟ ಕಾಗದದ ಚೂರಿನಂಥ ಕಪ್ಪು ಬೀಜಗಳನ್ನು ಅಗಲ ಬೋಗುಣಿಯ ನೀರಿನ ಮೇಲೆ ತೇಲಬಿಟ್ಟು, ಬೇರು ಇಣುಕಿದ ಮೇಲೆ ಇಕ್ಕಳದಿಂದ ಎತ್ತಿ ನೆಟ್ಟು, ಆರು ವರ್ಷ, ಏಳು ವರ್ಷ ಕಾದು ಹೂ ಕಂಡವರು ಅವರು. ಮೂಲೆಯ ಕುಂಡದ್ದು ಹಸಿರು ಹೂವಿನ ಜಾತಿ. ಒಂಬತ್ತು ವರ್ಷವಾಗಿತ್ತು, ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಗೆಡ್ಡೆ ಈಗ ಮುಷ್ಟಿಗಾತ್ರ. ಈ ವರ್ಷ ಬಿಟ್ಟೇ ಬಿಡುತ್ತದೆ ಎಂದು ಅವರು ಕಾಯುತ್ತಿದ್ದರು.

ಊರಿನಲ್ಲಿ ಅದೊಂದೇ ಇತ್ತು. ಒಂದು ಕಾಲಕ್ಕೆ ಮೂರು ಬೀದಿಯಾಚೆಯ ಹಲ್ಲಿನ ಡಾಕ್ಟರ ಹತ್ತಿರವೂ ಇತ್ತು. ಒಂದೇ ಪೊಟ್ಟಣದ ಬೀಜವನ್ನು ಇಬ್ಬರೂ ಹಂಚಿಕೊಂಡಿದ್ದರು. ಡಾಕ್ಟರ ಸಸಿಗಳು ಎರಡನೆಯ ವರ್ಷವೇ ಕೊಳೆತುಹೋದವು. ಆಮೇಲೊಮ್ಮೆ ಮನೆಗೆ ಬಂದು ಒಂದು ಮರಿ ಕೇಳಿದರು. ಕಂಪೌಂಡರಮ್ಮ, "ಬೇರು ಮುಟ್ಟಿದ್ರೆ ಅದು ಮುನಿಸ್ಕೊಳ್ಳುತ್ತೆ ಡಾಕ್ಟ್ರೇ," ಎಂದರು. "ಮುನಿಸ್ಕೊಳ್ಳೋದು ಗೆಡ್ಡೆನೋ ನೀವೋ?" ಎಂದು ಕೇಳಿ ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆವತ್ತಿನಿಂದ ಎದುರು ಸಿಕ್ಕರೂ ಮಾತಿಲ್ಲ. ಮುಂದೆ ಎರಡು ವರ್ಷಕ್ಕೆ, ಬೇರೆಲ್ಲೂ ಕೆಲಸ ಸಿಗದೆ, ಸೊಸೆ ಅದೇ ಡಾಕ್ಟರ ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿಕೊಂಡಳು.

ಕಂಪೌಂಡರಮ್ಮ ಬೆರಳು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದರು. ಒಂದೊಂದು ಮೆಟ್ಟಿಲಿಗೂ ಲೆಕ್ಕ ಕೂಡಿಬರುತ್ತಿತ್ತು.

ಅಡುಗೆಮನೆಯಲ್ಲಿ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಮಗ, ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುವವನು, ಎಷ್ಟು ತಿಕ್ಕಿದರೂ ಕಪ್ಪು ಬಿಡದ ಉಗುರುಗಳಿಂದ ಮೊಟ್ಟೆ ಸುಲಿಯುತ್ತಿದ್ದ.

"ಮೇಲೆ ಯಾರು ಹೋಗಿದ್ರು?"

"ನಾನೇ ಅತ್ತೆ. ಬಟ್ಟೆ ಹಾಕೋಕೆ."

"ಗಾಜಿನ ಕೋಣೆಗೆ?"

"ಇಣುಕಿದೆ. ಆವತ್ತೇ ಹೇಳಿದ್ನಲ್ಲ, ಜೇನಿನ ಥರದ್ದೊಂದು ನೊಣ ಆ ಹಸಿರಿನ ಕುಂಡದ ಮೇಲೇ ಕೂರುತ್ತೆ ಅಂತ. ಅದು ಗೆಡ್ಡೆ ನೊಣ ಇರಬಹುದು, ಒಂದ್ಸಲ ಕಿತ್ತು ನೋಡಿ ಅಂತ ಡಾಕ್ಟ್ರು ಹೇಳಿದ್ರು."

"ಡಾಕ್ಟ್ರು ಹೇಳಿದ್ರು!" ಕಂಪೌಂಡರಮ್ಮ ಮಗನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ನನ್ನ ಗೆಡ್ಡೆ ಯಾವಾಗ ಕೀಳಬೇಕು ಅಂತ ಅವರಿಗೆ ಗೊತ್ತಂತೆ. ಒಂದು ಮರಿ ಕಾಣ್ತಿಲ್ಲ."

ಮಗ ಮೊಟ್ಟೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡ. ಉತ್ತರ ಕೊಡಬಾರದ ಸಮಯದಲ್ಲಿ ಬಾಯಿ ತುಂಬಿಸಿಕೊಳ್ಳುವುದು ಅವನ ಹಳೆಯ ಉಪಾಯ.

ಸೊಸೆ ಚಾಕು ಕೆಳಗಿಟ್ಟಳು. "ಅಂದ್ರೆ ನಾನು ತಗೊಂಡೆ ಅಂತಾನಾ?"

"ನಾನು ಹಾಗಂದ್ನಾ? ಕಾಣ್ತಿಲ್ಲ ಅಂದೆ. ಕಾಣ್ತಿಲ್ಲ ಅನ್ನೋದಕ್ಕೂ ನಿನ್ನ ಅಪ್ಪಣೆ ಬೇಕಾ?"

ಮುಂದಿನ ಕೋಣೆಯ ಮಂಚದಿಂದ ಅಜ್ಜಿಯ ದನಿ ಬಂತು. ಅಜ್ಜಿಯೆಂದರೆ ಕಂಪೌಂಡರಮ್ಮನ ಅತ್ತೆ. ಎಂಬತ್ತಾರು ವರ್ಷ, ಕಾಲು ಬಿದ್ದಿದ್ದರೂ ಕಿವಿ ಎದ್ದೇ ಇತ್ತು. ಆ ಹಸಿರಿನ ಗಿಡಕ್ಕೆ ಮಹಾರಾಣಿ ಎಂದು ಹೆಸರಿಟ್ಟವರೂ ಅವರೇ. "ಏನಂತೆ? ಮಹಾರಾಣಿಯವರ ಮಗು ಕಳೆದುಹೋಯ್ತಂತಾ? ಹೆತ್ತ ಮಗ ಚಿಕ್ಕವನಿದ್ದಾಗ ಬೇಲಿ ಹಾರಿ ಹೋದಾಗ ಇವಳು ಇಷ್ಟು ಹುಡುಕಲಿಲ್ಲ."

ಆ ಮಧ್ಯಾಹ್ನವೇ ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಕೀಲಿ ಕಂಪೌಂಡರಮ್ಮನ ಕೊರಳ ಸರಕ್ಕೆ ಸೇರಿತು.

ಬೀಗದಿಂದ ಮೊದಲು ನೆನೆದವರು ಅಜ್ಜಿ. ತಾರಸಿಗೆ ದಾರಿಯಿಲ್ಲದ ಮೇಲೆ ಸೊಸೆ ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ಬಟ್ಟೆ ಹರವಿದಳು. ಡಿಪೋದ ದಪ್ಪ ಪ್ಯಾಂಟುಗಳು ಅಜ್ಜಿಯ ಮಂಚದ ಮೇಲೆ ತೊಟ್ಟಿಕ್ಕಿದವು.

"ಏ, ನನ್ನ ತಲೆ ಮೇಲೆ ಯಾರದ್ದೋ ಕಾಲು ನೇತಾಡ್ತಿದೆ! ಬದುಕಿರೋವಾಗಲೇ ನನಗೆ ನೀರು ಬಿಡ್ತೀರಾ?"

"ಮೇಲೆ ಜಾಗ ಇಲ್ಲ ಅಜ್ಜಿ," ಎಂದಳು ಸೊಸೆ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ. "ಮೇಲೆ ಮಹಾರಾಣಿ ಇದ್ದಾರೆ."

ಕಂಪೌಂಡರಮ್ಮ ಬೀನ್ಸ್ ನಾರು ತೆಗೆಯುತ್ತ ಕೂತಿದ್ದರು. ತಿರುಗಲಿಲ್ಲ. ಆದರೆ ಆವತ್ತಿನ ಪಾತ್ರೆಯಲ್ಲಿ ಬೀನ್ಸಿಗಿಂತ ನಾರೇ ಹೆಚ್ಚಿತ್ತು.

ಬೀಗವೊಂದೇ ಸಾಲದೆನಿಸಿ ಬಾಗಿಲ ಚಿಲಕದಿಂದ ಚೌಕಟ್ಟಿನ ಮೊಳೆಗೆ ಒಂದು ಕಪ್ಪು ದಾರದ ಎಳೆ ಕಟ್ಟಿದರು. ಬೆಳಿಗ್ಗೆ, ಸಂಜೆ ನೋಡಿದರು. ಎಳೆ ಕಡಿದಿರಲಿಲ್ಲ. ಮುಂದಿನ ಭಾನುವಾರ ಎಳೆ ಬಿಚ್ಚಿ, ಬೀಗ ತೆಗೆದು, ಕುಂಡದೊಳಗೆ ಬೆರಳಿಟ್ಟರು. ಒಂದು. ಸುತ್ತಿ ಬಂದರು. ಮತ್ತೆ ಅದೇ ಒಂದು.

ಕಂಪೌಂಡರಮ್ಮ ಕುಂಡದ ಮುಂದೆ ಮೊಣಕಾಲೂರಿ ಕೂತುಬಿಟ್ಟರು. ಬೀಗ ಹಾಗೇ ಇತ್ತು, ಎಳೆ ಹಾಗೇ ಇತ್ತು, ಕೀಲಿ ಸ್ನಾನದಲ್ಲೂ ಕೊರಳಲ್ಲೇ ಇತ್ತು. ಇಷ್ಟಿದ್ದೂ ಹೋಯಿತೆಂದರೆ ಎಂಥ ಪಳಗಿದ ಕೈ ಅದು! ಎಳೆಯನ್ನು ಕಡಿಯದೆ ಬಿಚ್ಚಿ ಮತ್ತೆ ಅದೇ ಗಂಟು ಹಾಕಿದ್ದಾಳೆ. ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಿದ್ದಾಳೆ. ಕೀಲಿ ಎಲ್ಲಿ ಮಾಡಿಸುತ್ತಾರೆ? ಡಿಪೋದಲ್ಲಿ ಅರವೂ ಇದೆ, ಕಬ್ಬಿಣವೂ ಇದೆ. ಅಲ್ಲಿಗೆ ಮಗನೂ ಲೆಕ್ಕಕ್ಕೆ ಬಂದ.

ಊಟದ ಹೊತ್ತಿಗೆ ಕೇಳಿಯೇಬಿಟ್ಟರು. "ಡಿಪೋದಲ್ಲಿ ಕೀಲಿ ಮಾಡ್ತಾರೇನೋ?"

ಮಗ ಚಮಚ ನಿಲ್ಲಿಸಿದ. "ಬ್ರೇಕ್ ಮಾಡ್ತೀವಿ ಅಮ್ಮ. ಈ ಮನೆಗೊಂದು ಬೇಕಾಗಿದೆ ಅನ್ಸುತ್ತೆ."

"ತಮಾಷೆ ಬೇಡ. ಎರಡನೇದೂ ಹೋಯ್ತು."

"ಹೋಗ್ಲಿ ಬಿಡಮ್ಮ, ಒಂದು ಗೆಡ್ಡೆ—"

"ಒಂದು ಗೆಡ್ಡೆ! ಒಂಬತ್ತು ವರ್ಷ ಕಣೋ. ನಿನಗೆ ಈ ಮೀಸೆ ಬರೋಕೂ ಅಷ್ಟು ಕಾದಿರಲಿಲ್ಲ ನಾನು."

ಸೊಸೆ ತನ್ನ ತಟ್ಟೆ ಎತ್ತಿಕೊಂಡು ಹೋಗಿ ನಲ್ಲಿಯ ಬಳಿ ನಿಂತೇ ಊಟ ಮುಗಿಸಿದಳು. ಮಾರನೆಯ ದಿನದಿಂದ ಅವಳ ತಿಂಡಿಯೂ ಊಟವೂ ಡಬ್ಬಿಯಲ್ಲಿ ಕ್ಲಿನಿಕ್ಕಿಗೆ ಹೋಗತೊಡಗಿತು. ಮೇಜಿನ ಸುತ್ತ ಅವಳ ಕುರ್ಚಿ ಖಾಲಿಯಾಯಿತು. ಬಡಿಸುವಾಗ ಬರುತ್ತಿದ್ದಳು, ಬಡಿಸಿ ಹೋಗುತ್ತಿದ್ದಳು. ಹೋಟೆಲಿನವರಾದರೂ ಇನ್ನಷ್ಟು ಬೇಕೇ ಎಂದು ಕೇಳುತ್ತಾರೆ, ಅವಳು ಅದನ್ನೂ ಕೇಳಲಿಲ್ಲ.

ಕಂಪೌಂಡರಮ್ಮ ಅಜ್ಜಿಯ ತಲೆ ಬಾಚುವಾಗ ಅಜ್ಜಿ ತಾನಾಗಿಯೇ ಶುರುಮಾಡಿದರು. "ನೀನು ಈ ಮನೆಗೆ ಬಂದ ವರ್ಷ ನಾನು ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದೆ. ನೆನಪಿದ್ಯಾ?"

"ಮರೆಯೋದು ಹೇಗೆ? ನನ್ನ ಮೇಲೇ ಅಲ್ವಾ ಅನುಮಾನ ಪಟ್ಟಿದ್ದು?"

"ಇನ್ಯಾರ ಮೇಲೆ ಪಡಲಿ? ಹೊಸಬಳು ನೀನೇ. ಬೀಗ ಹಾಕಿದ ಮೇಲೂ ಸಕ್ಕರೆ ಇಳೀತಾನೇ ಇತ್ತು."

"ಆಮೇಲೆ?"

"ಆಮೇಲೇನು, ಇನ್ನೂ ದೊಡ್ಡ ಬೀಗ ಹಾಕಿದೆ." ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ನಿಧಾನ ಬಾಚೇ. ಇರೋ ನಾಲ್ಕು ಕೂದಲನ್ನೂ ಎಣಿಸಿ ಇಟ್ಕೋಬೇಡ."

ಮೂರನೆಯ ವಾರ, ಸೊಸೆ ಸ್ನಾನಕ್ಕೆ ಹೋದಾಗ, ಕಂಪೌಂಡರಮ್ಮ ಅವಳ ಕೈಚೀಲ ತೆರೆದರು. ಬಾಚಣಿಗೆ, ಬಸ್ ಪಾಸು, ಕರವಸ್ತ್ರ. ಕೆಳಗೆ ಬಟ್ಟೆಯಲ್ಲಿ ಸುತ್ತಿದ ಗುಂಡಗಿನ, ಗಟ್ಟಿಯಾದ ಏನೋ ಒಂದು. ಸುತ್ತು ಬಿಚ್ಚಿದರೆ ಸುಣ್ಣದ ಅಚ್ಚಿನ ಹಲ್ಲುಸೆಟ್ಟು ಹಲ್ಲು ಕಿರಿದು ಅವರನ್ನೇ ನೋಡಿತು. ಬೆಚ್ಚಿಬಿದ್ದವರು ಅದನ್ನು ಪಕ್ಕಕ್ಕಿಟ್ಟು ಚೀಲದ ತಳ ತಡವಿದರು. ಬೆರಳಿಗೆ ಒರಟಾಗಿ ಏನೋ ಹತ್ತಿತು. ಎತ್ತಿ ಬೆಳಕಿಗೆ ಹಿಡಿದರು. ತೊಗಟೆಯ ಚೂರು! ಒಂದಲ್ಲ, ಮೂರು. ಹಸಿರಿನ ಕುಂಡದಲ್ಲಿ ತುಂಬಿದ್ದಂಥದ್ದೇ.

"ಏನು ಹುಡುಕ್ತಿದ್ದೀರಿ ಅತ್ತೆ?"

ಸೊಸೆ ಒದ್ದೆ ತಲೆಗೆ ಟವೆಲ್ ಸುತ್ತಿ ಬಾಗಿಲಲ್ಲಿ ನಿಂತಿದ್ದಳು.

ತಪ್ಪಿತಸ್ಥರಂತೆ ಕಾಣಬಾರದೆಂದು ಕಂಪೌಂಡರಮ್ಮ ಇನ್ನೂ ನೆಟ್ಟಗೆ ನಿಂತರು. ಅಂಗೈ ಚಾಚಿದರು. "ಇದೇನು?"

"ತೊಗಟೆ. ಡಾಕ್ಟ್ರ ಕುಂಡಗಳ ತೊಗಟೆ ಬದಲಾಯಿಸಿ ಕೊಟ್ಟೆ ಮೊನ್ನೆ. ಚೀಲ ಪಕ್ಕದಲ್ಲೇ ಇತ್ತು, ಬಿದ್ದಿರುತ್ತೆ."

"ಮೊನ್ನೆ. ಪಕ್ಕದಲ್ಲೇ. ಬಿದ್ದಿರುತ್ತೆ. ಎಲ್ಲಕ್ಕೂ ಉತ್ತರ ಇದೆ ನಿನ್ನ ಹತ್ರ."

"ಕೇಳೋಕೆ ಮೊದಲೇ ಹುಡುಕಿದವರಿಗೆ ಉತ್ತರ ಯಾಕೆ?" ಸೊಸೆ ಬಂದು ಹಲ್ಲುಸೆಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ಇದು ನಿಮ್ಮ ಮಗನ ಬಾಯಿಯ ಅಚ್ಚು. ರಾತ್ರಿ ಹಲ್ಲು ಕಡೀತಾರೆ, ಅದಕ್ಕೊಂದು ಕವಚ ಮಾಡಿಸ್ತಿದ್ದೀನಿ. ಕಳ್ಳಮಾಲು ಇಷ್ಟೇ. ತೂಕ ಹಾಕಿ ನೋಡ್ತೀರಾ?"

ಆ ವಾರ ಮನೆಯಲ್ಲಿ ಮಾತು ಉಪ್ಪಿನಷ್ಟೂ ಬಳಕೆಯಾಗಲಿಲ್ಲ.

ನಾಲ್ಕನೆಯ ವಾರ ಕಂಪೌಂಡರಮ್ಮನ ಕೆಳದವಡೆಯ ಹಲ್ಲು ನೋಯತೊಡಗಿತು. ನೋವು ನಿಜವಾದದ್ದೇ. ಆದರೆ ಆಸ್ಪತ್ರೆಯ ಹಳೆಯ ಸ್ನೇಹಿತರಲ್ಲಿಗೆ ಹೋಗದೆ ಅವರು ಮೂರು ಬೀದಿ ದಾಟಿ ನಡೆದದ್ದು ನೋವಿಗಾಗಿ ಅಲ್ಲ. ಆ ಕ್ಲಿನಿಕ್ಕಿನ ಒಳಗೊಮ್ಮೆ ಕಣ್ಣಾಡಿಸಬೇಕಿತ್ತು.

ಕುರ್ಚಿ ಹಿಂದಕ್ಕೆ ಬಾಗಿತು. ಎದುರಿನ ಕಿಟಕಿಯಲ್ಲಿ ಐದಾರು ಕುಂಡ. ಕೊನೆಯದರಲ್ಲಿ ಎರಡೇ ಎರಡು ಎಳೆ ಎಲೆ, ಪಟ್ಟಿಯಂತೆ, ಮಾಸಲು ಹಸಿರು. ಕಂಪೌಂಡರಮ್ಮ ಬಾಯಿ ತೆರೆದದ್ದು ಕೇಳುವುದಕ್ಕೆ. ಡಾಕ್ಟರು ಅದೇ ಸಮಯವೆಂದು ಸೂಜಿ ಚುಚ್ಚಿದರು, ಹತ್ತಿ ತುರುಕಿದರು. ಪಕ್ಕದಲ್ಲಿ ನಿಂತ ಸೊಸೆ ಎಂಜಲು ಹೀರುವ ಕೊಳವೆಯನ್ನು ಅತ್ತೆಯ ತುಟಿಯ ಕೊಂಕಿಗೆ ಸಿಕ್ಕಿಸಿ ಹಿಡಿದಳು. ಕೊಳವೆ ಗೊರಗೊರ ಎಂದಿತು.

"ಆ ಕುಂಡ ನೋಡ್ತಿದ್ದೀರಾ?" ಡಾಕ್ಟರು ಹಲ್ಲಿನೊಳಗೆ ಕೆರೆಯುತ್ತಲೇ ಕೇಳಿದರು. "ಕೆಂಪಿನ ಜಾತಿ, ನಿಮ್ಮಲ್ಲೂ ಇದೆ. ಹೂ ಬಿಡೋ ತನಕ ಯಾವುದು ಯಾವುದೋ ಹೇಳೋಕಾಗಲ್ಲ ಅಂತ ನಿಮಗೂ ಗೊತ್ತು. ನಂಬೋದಾದ್ರೆ ನಂಬಿ."

"ಆಂ... ಆಂ..." ಎಂದರು ಕಂಪೌಂಡರಮ್ಮ.

"ಅಲ್ಲಾಡ್ಬೇಡಿ. ನನ್ನವು ಹನ್ನೊಂದು ಗೆಡ್ಡೆ ಈ ವರ್ಷ ಹೋದವು. ಗೆಡ್ಡೆ ನೊಣ. ಕತ್ತಿನ ಹತ್ರ ಮೊಟ್ಟೆ ಇಡುತ್ತೆ, ಮರಿಹುಳ ಬುಡದಿಂದ ಒಳಗೆ ಹೋಗಿ ಕೂತ್ಕೊಂಡು ತಿನ್ನುತ್ತೆ. ಸಣ್ಣ ಗೆಡ್ಡೆ ಆದ್ರೆ ಪೂರ್ತಿ ಮುಗಿಸಿ ಪಕ್ಕದ್ದಕ್ಕೆ ಹೋಗುತ್ತೆ. ಮೇಲಿಂದ ಏನೂ ಗೊತ್ತಾಗಲ್ಲ. ಅದಕ್ಕೇ ಇವರ ಕೈಲಿ ಎರಡು ಸಲ ಹೇಳಿ ಕಳಿಸಿದೆ, ಕಿತ್ತು ನೋಡಿ ಅಂತ." ಅವರು ಸೊಸೆಯ ಕಡೆ ನೋಡಿದರು. "ಹೇಳಿದ್ರಿ ತಾನೇ?"

"ಹೇಳಿದ್ದೆ ಡಾಕ್ಟ್ರೇ," ಎಂದಳು ಸೊಸೆ, ಕೊಳವೆ ಸ್ವಲ್ಪ ಒಳಗೆ ಸರಿಸುತ್ತ. "ಬೀಗ ಹಾಕಿದ್ರು."

ಕಂಪೌಂಡರಮ್ಮನ ಬಾಯಿಯಲ್ಲಿ ನಾಲ್ಕು ಕೈಬೆರಳು, ಒಂದು ಕೊಳವೆ, ಎರಡು ಉಂಡೆ ಹತ್ತಿ ಇದ್ದವು. ಇಬ್ಬರೂ ಸೇರಿ ಕಟ್ಟಿದ ಕಥೆ ಇದು ಎಂದು ಮನಸ್ಸು ಅಂದಿತು. ಆದರೆ ನಾಲಿಗೆಗೆ ಎದ್ದು ಅದನ್ನು ಹೇಳುವ ದಾರಿಯಿರಲಿಲ್ಲ. ಹೇಳಲಾಗದ ಮಾತು ಒಳಗೇ ಸುತ್ತಿ ಸುತ್ತಿ ಬಂದು ಒಂದು ಕಡೆ ತಟ್ಟಿ ನಿಂತಿತು: ಬೀಗ ಹಾಕಿದ ಮೇಲೂ ಹೋಯಿತಲ್ಲ, ಎರಡನೆಯದು.

ಅರ್ಧ ಮುಖ ಜೋಮು ಹಿಡಿದಿದ್ದಾಗಲೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ತಾರಸಿ ಹತ್ತಿ, ಒಂಬತ್ತು ವರ್ಷ ಕದಲಿಸದ ಕುಂಡವನ್ನು ನೆಲಕ್ಕೆ ಬೋರಲು ಹಾಕಿದರು. ತೊಗಟೆ ಚೂರು ಚದುರಿತು. ಅದರ ನಡುವೆ ಕಂದು ಸಿಪ್ಪೆಯ ಎರಡು ಪುಟ್ಟ ಚೀಲಗಳು, ಹಿಸುಕಿದರೆ ಗಾಳಿ; ಒಳಗೆ ಬೂದಿಯಂಥ ಹಿಕ್ಕೆ. ಒಂದು ಮೊದಲನೆಯ ಕಳ್ಳತನ, ಇನ್ನೊಂದು ಎರಡನೆಯದು. ಉಳಿದ ಮೂರನೆಯ ಮರಿ ಬೆರಳಿಗೆ ಮೆತ್ತಗೆ ಹತ್ತಿ ಒಡೆಯಿತು. ದೊಡ್ಡ ಗೆಡ್ಡೆಯನ್ನು ತಿರುಗಿಸಿ ನೋಡಿದರು. ಬುಡದಲ್ಲಿ ಕಿರುಬೆರಳು ಹೋಗುವಷ್ಟು ತೂತು. ಒಳಗೆ ಮಾಸಲು ಬಿಳುಪಿನ, ಕೊಬ್ಬಿದ ಹುಳ, ತನ್ನದೇ ಮನೆಯೆಂಬಂತೆ ಮುದುರಿಕೊಂಡು ಮಲಗಿತ್ತು. ಬಾಗಿಲಿಗೆ ದಾರ ಕಟ್ಟಿ ತಾವು ಕಾದಿದ್ದ ಅಷ್ಟೂ ದಿನ ಅದು ಒಳಗೆ ಕೂತು ಉಂಡಿತ್ತು. ಮೊದಲ ವಾರವೇ ಕಿತ್ತಿದ್ದರೆ ಹೋಗುತ್ತಿದ್ದದ್ದು ಒಂದು ಮರಿ.

ಹುಳವನ್ನು ಹೊರಗೆಳೆದು ಚಪ್ಪಲಿಯಿಂದ ಹೊಸಕಿದರು. ಗೆಡ್ಡೆಯ ಒಂದು ಮಗ್ಗುಲು, ಹೊರಗಿನ ಪದರಗಳು, ಇನ್ನೂ ಗಟ್ಟಿಯಿದ್ದವು. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ಮತ್ತೆ ನಡೆದರು.

ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ಇಬ್ಬರು ರೋಗಿಗಳನ್ನು ದಾಟಿ ಒಳಗೆ ಹೋಗಿ, ಉಪಕರಣದ ತಟ್ಟೆಯ ಮೇಲೆ ಡಬ್ಬಿ ತೆರೆದಿಟ್ಟರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ತಡವಾಯಿತೆಂದು ಹೇಳಲಿಲ್ಲ. ಅದಕ್ಕೆ ಕಂಪೌಂಡರಮ್ಮ ಮನಸ್ಸಿನಲ್ಲೇ ಕೈಮುಗಿದರು.

"ಇಡೀ ಗೆಡ್ಡೆ ಉಳಿಯಲ್ಲ. ಹೂವಿನ ಮಾತು ಬಿಡಿ. ಸೀಳಿ ನೋಡಬಹುದು. ಎರಡೆರಡು ಪದರಕ್ಕೆ ಬುಡದ ತುಣುಕು ಒಂದಿಷ್ಟು ಅಂಟಿಕೊಂಡಿರೋ ಹಾಗೆ ಕೊಯ್ದರೆ, ಒಂದೊಂದು ಸೀಳಿಗೂ ಒಂದು ಮರಿಗೆಡ್ಡೆ ಬರಬಹುದು. ಅರ್ಧಕ್ಕರ್ಧ ಕೊಳೀತವೆ, ಈಗಲೇ ಹೇಳಿದ್ದೀನಿ."

ಕಂಪೌಂಡರಮ್ಮ ತಲೆಯಾಡಿಸಿದರು. ಡಾಕ್ಟರು ಕೊಯ್ದರು, ಸೊಸೆ ಇಕ್ಕಳದಿಂದ ಹಿಡಿದುಕೊಂಡು ಒಂದೊಂದನ್ನೂ ಕೊಳೆ ತಡೆಯುವ ಪುಡಿಯಲ್ಲಿ ಹೊರಳಿಸಿ ಗಾಜಿನ ಮೇಲೆ ಸಾಲಾಗಿಟ್ಟಳು. ಅಷ್ಟೊಂದು ಹಗುರ ಕೈ ಅವಳದು ಎಂದು ಈ ಏಳು ವರ್ಷದಲ್ಲಿ ಅವರು ನೋಡಿರಲಿಲ್ಲ. ಒಂಬತ್ತು ಸೀಳುಗಳಾದವು.

"ನಾಲ್ಕು ನಿಮಗೆ," ಎಂದರು ಕಂಪೌಂಡರಮ್ಮ, ತುಟಿಯ ಒಂದೇ ಕೊನೆಯಿಂದ.

"ಕೊಟ್ರೆ ಬೇಡ ಅನ್ನಲ್ಲ," ಎಂದರು ಡಾಕ್ಟರು.

ಕಂಪೌಂಡರಮ್ಮ ಸೊಸೆಯ ಕಡೆ ತಿರುಗಿದರು. "ತಪ್ಪಾಯ್ತು ನಂದು," ಎಂದರು. ಅರ್ಧ ತುಟಿ ಸಹಕರಿಸದೆ ಜೊಲ್ಲು ಗದ್ದಕ್ಕಿಳಿಯಿತು.

ಸೊಸೆ ಹತ್ತಿಯಿಂದ ಅವರ ಗದ್ದ ಒರೆಸಿದಳು. "ಜೋಮು ಇಳಿದ ಮೇಲೆ ಹೇಳಿ ಅತ್ತೆ. ಸರಿಯಾಗಿ ಕೇಳಿಸ್ಬೇಕು."

ಸಂಜೆ, ಮಗನೂ ಅಜ್ಜಿಯೂ ಇದ್ದಾಗಲೇ, ಒಲೆಯ ಮುಂದೆ ನಿಂತು ಹೇಳಿದರು. "ತಪ್ಪಾಯ್ತು."

"ಬೀಗಕ್ಕಾ, ಚೀಲಕ್ಕಾ?"

"ಎರಡಕ್ಕೂ."

"ಬೀಗ ಮರೀತೀನಿ," ಎಂದಳು ಸೊಸೆ. "ಚೀಲದ್ದು ಈಗಲೇ ಹೇಳೋಕಾಗಲ್ಲ."

ಮಂಚದಿಂದ ಅಜ್ಜಿ, "ಆ ಸಕ್ಕರೆ ವಿಷಯಕ್ಕೆ ನಾನು ನಿನಗೆ ತಪ್ಪಾಯ್ತು ಅಂತ ಹೇಳೇ ಇಲ್ಲ ಕಣೇ," ಎಂದರು. ಯಾರಿಗೆ ಎಂದು ಹೇಳಲಿಲ್ಲ. ಕಂಪೌಂಡರಮ್ಮನ ಕೈ ಸೌಟಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಆಡಿತು.

ಸೀಳುಗಳನ್ನು ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆಚ್ಚಗಿನ ಕತ್ತಲಲ್ಲಿಟ್ಟು, ಮೂರು ದಿನಕ್ಕೊಮ್ಮೆ ತೆರೆದು ನೋಡಬೇಕಿತ್ತು. "ನೀನೇ ನೋಡ್ಕೋ," ಎಂದರು ಕಂಪೌಂಡರಮ್ಮ.

"ನಾನು ಮುಟ್ಟಲ್ಲ. ನಾಳೆ ಒಂದು ಕೊಳೆತ್ರೆ ನನ್ನ ತಲೆಗೆ ಬರುತ್ತೆ."

"ಅರ್ಧ ಕೊಳೆಯೋದೇ ಅಂತ ಡಾಕ್ಟ್ರೇ ಹೇಳಿದಾರಲ್ಲ."

"ಡಾಕ್ಟ್ರು ಹೇಳಿದ್ರು!" ಎಂದಳು ಸೊಸೆ, ಥೇಟ್ ಅತ್ತೆಯದೇ ದನಿಯಲ್ಲಿ. ಮಗನ ಬಾಯಲ್ಲಿ ಈ ಸಲ ಏನೂ ಇರಲಿಲ್ಲವಾಗಿ ಅವನು ನಕ್ಕುಬಿಟ್ಟ.

ಚೀಲ ಕೊನೆಗೆ ಅಡುಗೆಮನೆಯ ಕಪಾಟಿನ ಮೇಲಿನ ಅರೆ ಸೇರಿತು. ಅವಳು ನೋಡಿಕೊಳ್ಳುತ್ತೇನೆಂದು ಒಪ್ಪಲಿಲ್ಲ, ನೋಡಿಕೊಂಡಳು.

ಹದಿನೈದು ದಿನ ಕಳೆದ ಮೇಲೆ, ಬೆಳಗಿನ ತಿಂಡಿಯ ಹೊತ್ತು. ಸೊಸೆ ಒಂದು ಬಸಿಯಲ್ಲಿ ಕಂದುಗಟ್ಟಿ ಲೋಳೆಯಾದ ಸೀಳೊಂದನ್ನು ತಂದು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು. ಕೂರಲಿಲ್ಲ.

"ಒಂದು ಹೋಯ್ತು ಅತ್ತೆ."

ಕಂಪೌಂಡರಮ್ಮ ಬಸಿ ನೋಡಿದರು. ಕೇಳಬೇಕಾದದ್ದೆಲ್ಲ ಗಂಟಲಲ್ಲಿ ಸರತಿಯಲ್ಲಿ ಬಂದು ನಿಂತಿತು. ಕೈ ತೊಳೆದುಕೊಂಡು ಮುಟ್ಟಿದೆಯಾ? ಚೀಲ ಎಷ್ಟು ಹೊತ್ತು ತೆರೆದಿಟ್ಟಿದ್ದೆ? ನೀರು ಹೆಚ್ಚಾಗಿತ್ತಾ? ಡಾಕ್ಟರವು ನಾಲ್ಕೂ ಚೆನ್ನಾಗಿವೆಯಾ? ಅವರದು ಒಂದೂ ಕೊಳೆಯದೆ ನಮ್ಮದೇ ಯಾಕೆ? ಅವರು ಚಹಾದ ಲೋಟ ಎತ್ತಿ, ಬಿಸಿಯಿದ್ದದ್ದನ್ನು ಹಾಗೇ ಒಂದು ದೊಡ್ಡ ಗುಟುಕು ನುಂಗಿದರು.

"ಬಿಸಾಕು," ಎಂದರು. "ಬ್ರೆಡ್ಡು ಆರ್ತಿದೆ, ತಿನ್ನು."

ಸೊಸೆ ನಿಂತೇ ಇದ್ದಳು, ಮುಂದಿನ ಮಾತು ಈಗ ಬರುತ್ತದೆ, ಇನ್ನು ಬರುತ್ತದೆ ಎಂದು.

"ಅಷ್ಟೇನಾ?"

"ಅಷ್ಟೇ."

ಸೊಸೆ ಬಸಿಯನ್ನು ಅತ್ತ ಸರಿಸಿ, ಕುರ್ಚಿ ಎಳೆದುಕೊಂಡು ಕೂತಳು.